ಆಂಡಿಸ್ ದಾಟಿದ ಸೈನ್ಯಕ್ಕೆ ದುಡ್ಡು ಹೊಂದಿಸಿದವರು ಯಾರು? ಸಾನ್ ಮಾರ್ತಿನ್, ಪುಯ್ರೆದೊನ್, ಓಹಿಗಿನ್ಸ್ ಬಗ್ಗೆ ಚರ್ಚೆ

ಹಳೇಪುಟ

ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ನಮ್ಮಲ್ಲಿ ಬಾಯಿಗೆ ಬರುವುದು ಬೊಲಿವಾರ್ ಹೆಸರು. ಸ್ವಲ್ಪ ಜಾಸ್ತಿ ಓದಿದವರು ಹೊಸೆ ದೆ ಸಾನ್ ಮಾರ್ತಿನ್ ಹೆಸರನ್ನೂ ಹೇಳುತ್ತಾರೆ. 1817ರಲ್ಲಿ ಆಂಡಿಸ್ ದಾಟಿ ಚಿಲಿಗೆ ಇಳಿದ ಸೇನಾಪತಿ. ಕುದುರೆ ಮೇಲೆ ಕೂತು ಕೈ ಚಾಚಿದ ಅವರ ಪ್ರತಿಮೆಯ ಫೋಟೋ ನೀವೂ ನೋಡಿರುತ್ತೀರಿ. ಆ ಕುದುರೆಗೆ ಮೇವು ಹೊಂದಿಸಿದವರ ಬಗ್ಗೆ ಇಲ್ಲಿ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1814ರಲ್ಲಿ ಸಾನ್ ಮಾರ್ತಿನ್ ಕೂಯೊ ಪ್ರಾಂತ್ಯದ ಗವರ್ನರ್ ಆದರು. ಮೆಂದೋಸಾ, ಸಾನ್ ಹುವಾನ್, ಸಾನ್ ಲೂಯಿಸ್ ಸೇರಿದ, ಆಂಡಿಸ್ ಬುಡದ ಪ್ರಾಂತ್ಯ ಅದು. ಅವರು ಆ ಜಾಗವನ್ನು ಬೇಕೆಂದೇ ಕೇಳಿ ಪಡೆದಿದ್ದರು. ಸ್ಪೇನಿನ ಶಕ್ತಿ ಇದ್ದದ್ದು ಪೆರುವಿನ ಲಿಮಾದಲ್ಲಿ. ಅಲ್ಲಿಗೆ ಈಗಿನ ಬೊಲಿವಿಯಾ ಮೂಲಕ ಹೋಗಲು, ಸ್ಪೇನಿನ ವಿರುದ್ಧ ಎದ್ದಿದ್ದ, ಈಗಿನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನವರು ಪ್ರಯತ್ನಿಸಿ ಸೋತಿದ್ದರು. 1813ರಲ್ಲಿ ವಿಲ್ಕಪುಹಿಯೊ, ಅಯೊಹುಮಾ ಎಂಬ ಎರಡು ಕಡೆ ಅವರ ಸೇನಾನಿ ಬೆಲ್ಗ್ರಾನೊ ಸೈನ್ಯ ಪೆಟ್ಟು ತಿಂದಿತ್ತು. ಆ ದಾರಿ ಬಿಟ್ಟು, ಬೆಟ್ಟ ದಾಟಿ ಚಿಲಿ ಹಿಡಿಯುವುದು, ಅಲ್ಲಿಂದ ಹಡಗಿನಲ್ಲಿ ಲಿಮಾಕ್ಕೆ ಹೋಗುವುದು ಸಾನ್ ಮಾರ್ತಿನ್ ಲೆಕ್ಕಾಚಾರ. ಅವರು ಮೆಂದೋಸಾಕ್ಕೆ ಬಂದ ಕೆಲವೇ ವಾರಗಳಲ್ಲಿ, ಅಕ್ಟೋಬರ್ ಶುರುವಿನಲ್ಲಿ, ರಂಕಾಗ್ವಾ ಯುದ್ಧದಲ್ಲಿ ಚಿಲಿಯ ಹೋರಾಟಗಾರರೇ ಸೋತು ಬೆಟ್ಟ ಹತ್ತಿ ಓಡಿ ಬಂದರು. ಈಗ ಎದುರಿಗಿದ್ದದ್ದು ಶತ್ರುವಿನ ಚಿಲಿ, ಹಿಂದೆ ಖಾಲಿ ಖಜಾನೆ.

ಬೆಟ್ಟ ದಾಟಿ ಚಿಲಿಯಲ್ಲಿ ಗೆದ್ದ ಚಕಾಬುಕೊ ಯುದ್ಧ ಒಂದು ದಿನದ್ದು. ಅದರ ತಯಾರಿ ಎರಡು ವರ್ಷಕ್ಕೂ ಹೆಚ್ಚು. ಈ ತಯಾರಿ ಹೇಗಿತ್ತು ನೋಡಿ. ಕಸಾಯಿಖಾನೆಯಲ್ಲಿ ಉಳಿದ ತೊಗಲಿನ ಚೂರು ಕೂಡಿಸಿ ಸೈನಿಕರಿಗೆ ಮೆಟ್ಟು ಮಾಡಿಸಿದರು. ಚಳಿ ತಡೆಯಲಿ ಅಂತ ಒಳಗೆ ಹಾಕಲು ಮನೆಮನೆಯಿಂದ ಹಳೇ ಉಣ್ಣೆ ಬಟ್ಟೆ ಚಿಂದಿ ಕೇಳಿದರು. ದನದ ಕೊಂಬು ಸೇರಿಸಿ ನೀರು ಒಯ್ಯುವ ಬುರುಡೆ ಮಾಡಿದರು. ಲೂಯಿಸ್ ಬೆಲ್ತ್ರಾನ್ ಅಂತ ಒಬ್ಬ ಫ್ರಾನ್ಸಿಸ್ಕನ್ ಪಾದ್ರಿ ಆಯುಧದ ಕಾರ್ಖಾನೆ ವಹಿಸಿಕೊಂಡರು. ಚರ್ಚಿನ ಗಂಟೆ ಕರಗಿಸಿದರು, ಕುದುರೆ ಲಾಳದಿಂದ ಫಿರಂಗಿ ಗುಂಡಿನವರೆಗೆ ಎಲ್ಲ ಅಲ್ಲೇ ತಯಾರಾಯಿತು. ಕುಲುಮೆಗಳ ಸದ್ದಿನ ನಡುವೆ ಕೂಗಿ ಕೂಗಿ ಅವರ ಗಂಟಲು ಒಡೆದು, ಜೀವನಪೂರ್ತಿ ದನಿ ಸರಿಯಾಗಲಿಲ್ಲ.

ಬ್ಯೂನಸ್ ಐರಿಸ್‌ನಲ್ಲಿ ಕೂತು ಇದಕ್ಕೆ ಬೆನ್ನು ಕೊಟ್ಟವರು ಹುವಾನ್ ಮಾರ್ತಿನ್ ದೆ ಪುಯ್ರೆದೊನ್. 1816ರ ಮೇ 3ರಂದು ತುಕುಮಾನ್ ಊರಿನಲ್ಲಿ ಸೇರಿದ್ದ ಪ್ರಾಂತ್ಯಗಳ ಪ್ರತಿನಿಧಿಗಳ ಅಧಿವೇಶನ ಅವರನ್ನು ಸುಪ್ರೀಂ ಡೈರೆಕ್ಟರ್ ಆಗಿ ಆರಿಸಿತು. ಅಂದರೆ ಸರ್ಕಾರದ ಮುಖ್ಯಸ್ಥ. ಜುಲೈಯಲ್ಲಿ ಕೊರ್ದೊಬಾದಲ್ಲಿ ಇಬ್ಬರೂ ಮುಖಾಮುಖಿ ಕೂತು ಮಾತಾಡಿದರು. ನವೆಂಬರ್ 2ರಂದು ಪುಯ್ರೆದೊನ್ ಬರೆದ ಒಂದು ಪತ್ರ ಇದೆ. ಇಂಥದ್ದು ಕಳಿಸಿದ್ದೇನೆ, ಇಂಥದ್ದು ಕಳಿಸಿದ್ದೇನೆ ಅಂತ ಸಾಲುಸಾಲಾಗಿ ಹೋಗುತ್ತದೆ. 200 ಡೇರೆ ಕಳಿಸಿದ್ದೇನೆ, ಇನ್ನಿಲ್ಲ. ಹುಡುಕಿ ಸಿಕ್ಕ ಎರಡೇ ಕಹಳೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಬರುತ್ತಿವೆ. ಕೊನೆಗೆ, ಲೋಕವನ್ನೂ ಕಳಿಸಿದೆ, ದೆವ್ವವನ್ನೂ ಕಳಿಸಿದೆ, ಈ ಸಾಲ ಹೇಗೆ ತೀರಿಸುತ್ತೇನೋ ಗೊತ್ತಿಲ್ಲ, ಇನ್ನು ಏನೂ ಕೇಳಬೇಡಿ, ಕೇಳಿದರೆ ಕೋಟೆಯ ತೊಲೆಗೆ ನಾನು ನೇಣು ಬಿದ್ದ ಸುದ್ದಿ ಬರುತ್ತದೆ ಅನ್ನುವ ಅರ್ಥದಲ್ಲಿ ಮುಗಿಯುತ್ತದೆ. ಆ ಪತ್ರ ಓದಿದ ಮೇಲೆ ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ ಬಂತು. ದೇಶದ ಮುಖ್ಯಸ್ಥ ಕಹಳೆ ಎಣಿಸುತ್ತಿದ್ದಾನೆ!

ನನ್ನ ಅಭಿಪ್ರಾಯ ಇಷ್ಟು: ಈ ಯುದ್ಧದಲ್ಲಿ ದುಡ್ಡು, ದವಸ, ಜನ ಹೊಂದಿಸಿದ ರಾಜಕಾರಣಿಗಳು ಸೇನಾನಿಗಳಷ್ಟೇ ದೊಡ್ಡವರು. ಊರಿನ ಬೈಗುಳ ಬಿದ್ದದ್ದು ಮಾತ್ರ ಅವರ ಮೇಲೇ. ನೀವೇನಂತೀರಿ?

ಮಲೆನಾಡಿಗ

ಹಳೇಪುಟ ಸರ್, ಪತ್ರದ ವಿಚಾರ ತುಂಬಾ ಚೆನ್ನಾಗಿದೆ. ಆದರೆ ಪೂರ್ತಿ ಒಪ್ಪಲಾರೆ. ದುಡ್ಡು ಕೊಟ್ಟರೆ ಸಾಕಾಗಿದ್ದರೆ ಬೇರೆ ಯಾರಾದರೂ ದಾಟುತ್ತಿದ್ದರು. ಸೈನಿಕನ ತಲೆ ಬೇಕು.

ಸುಮಾರು 4,000 ಸೈನಿಕರು, ಜೊತೆಗೆ ಸಾಮಾನು ಸಾಗಿಸುವ ಸಹಾಯಕರು 1,200 ಜನ. 10,600 ಹೇಸರಗತ್ತೆ, 1,600 ಕುದುರೆ, 700 ದನ. ದಾರಿಯಲ್ಲಿ 4,000 ಮೀಟರಿಗೂ ಎತ್ತರದ ಕಣಿವೆಗಳು. ಅಲ್ಲಿ ಗಾಳಿ ತೆಳು, ಉಸಿರು ಕಟ್ಟುತ್ತದೆ. ಅದಕ್ಕೆ ಈರುಳ್ಳಿ ಬೆಳ್ಳುಳ್ಳಿ ಹೊರಿಸಿಕೊಂಡು ಹೋಗಿದ್ದರು. ಊಟಕ್ಕೆ ಒಣಗಿಸಿದ ದನದ ಮಾಂಸ ಕುಟ್ಟಿ, ಕೊಬ್ಬು, ಮೆಣಸಿನಕಾಯಿ ಸೇರಿಸಿದ ಪುಡಿ. ಬಿಸಿನೀರು ಹಾಕಿ ಕಲಸಿದರೆ ಆಯಿತು, ಅಡುಗೆಯ ರಗಳೆಯೇ ಇಲ್ಲ. ಫಿರಂಗಿಗಳಿಗೆ ಉಣ್ಣೆ, ತೊಗಲು ಸುತ್ತಿ, ಎರಡು ಹೇಸರಗತ್ತೆ ನಡುವೆ ಗಳುವಿಗೆ ತೂಗುಹಾಕಿ ಒಯ್ದರು. ಚಿಲಿ ಕಡೆ ಇಳಿದಾಗ ಉಳಿದದ್ದು 4,300 ಹೇಸರಗತ್ತೆ, 511 ಕುದುರೆ. ಪ್ರಾಣಿಗಳ ಈ ಲೆಕ್ಕ ನೋಡಿದರೇ ದಾರಿ ಎಂಥದ್ದು ಅಂತ ಗೊತ್ತಾಗುತ್ತದೆ.

ಇದಕ್ಕಿಂತ ನನಗೆ ಹಿಡಿಸುವುದು ಅವರ ಮೋಸದ ಯುದ್ಧ. 1816ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಪೆಹುವೆಂಚೆ ಬುಡಕಟ್ಟಿನ ಮುಖ್ಯಸ್ಥರನ್ನು ಕರೆದು, ಉಡುಗೊರೆ ಕೊಟ್ಟು, ನಿಮ್ಮ ನೆಲದ ಮೂಲಕ ದಾಟುತ್ತೇವೆ, ಅನುಮತಿ ಕೊಡಿ ಅಂತ ಕೇಳಿದರು. ಈ ಸುದ್ದಿ ಸ್ಪೇನಿನ ಗವರ್ನರ್ ಮಾರ್ಕೊ ದೆಲ್ ಪೊಂತ್ ಕಿವಿಗೆ ಹೋಗೇ ಹೋಗುತ್ತದೆ ಅಂತ ಗೊತ್ತಿದ್ದೇ ಮಾಡಿದ್ದು. ಇನ್ನೊಂದು ಕಡೆ ಅಲ್ವಾರೆಸ್ ಕೊಂದಾರ್ಕೊ ಎಂಬ ಎಂಜಿನಿಯರ್ ಕೈಗೆ ಸ್ವಾತಂತ್ರ್ಯ ಘೋಷಣೆಯ ಪ್ರತಿ ಕೊಟ್ಟು ಅದೇ ಮಾರ್ಕೊ ಬಳಿಗೆ ಕಳಿಸಿದರು. ಮೇಲೆ ನೋಡಲು ಅದು ರಾಜತಾಂತ್ರಿಕ ಪತ್ರ. ನಿಜವಾದ ಕೆಲಸ ಹೋಗುವಾಗ ಲೊಸ್ ಪಾತೊಸ್ ದಾರಿ, ಬರುವಾಗ ಉಸ್ಪಲ್ಲಾತಾ ದಾರಿ ಮನಸ್ಸಿನಲ್ಲಿ ಅಚ್ಚೊತ್ತಿಕೊಂಡು ಬರುವುದು. ಕೊನೆಗೆ ಮುಖ್ಯ ಸೈನ್ಯ ಹೋದದ್ದು ಆ ಎರಡು ದಾರಿಯಲ್ಲೇ. ಉತ್ತರ, ದಕ್ಷಿಣದಲ್ಲಿ ಇನ್ನೂ ನಾಲ್ಕು ಸಣ್ಣ ತುಕಡಿ ದಾಟಿದವು. ಎಲ್ಲಿ ಕಾಯಬೇಕು ಅಂತ ಗೊತ್ತಾಗದೆ ಸ್ಪೇನಿನವರು ಸೈನ್ಯವನ್ನು ಚದುರಿಸಿ ಇಟ್ಟರು. 1817ರ ಫೆಬ್ರವರಿ 12ರಂದು ಚಕಾಬುಕೊದಲ್ಲಿ ಅದರ ಫಲ ಸಿಕ್ಕಿತು. ಇದನ್ನು ಯಾವ ಖಜಾನೆಯೂ ಕೊಡಲಾರದು.

ಟೀಚರಮ್ಮ

ಇಬ್ಬರಿಗೂ ಧನ್ಯವಾದ. ಹೈಸ್ಕೂಲ್ ಮಕ್ಕಳಿಗೆ ಸಮಾಜ ಪಾಠ ಮಾಡುವವಳು ನಾನು. ಫ್ರೆಂಚ್ ಕ್ರಾಂತಿ ಮುಗಿದ ಮೇಲೆ ಈ ಕಡೆ ಅರ್ಧ ಪುಟವೂ ಇರುವುದಿಲ್ಲ.

ನನ್ನ ಪ್ರಶ್ನೆ ಇದು. ಮೆಂದೋಸಾದ ಹೆಂಗಸರು ಒಡವೆ ಕೊಟ್ಟರು, ಸಾನ್ ಮಾರ್ತಿನ್ ಹೆಂಡತಿ ರೆಮೆದಿಯೊಸ್ ಮೊದಲು ಬಿಚ್ಚಿಕೊಟ್ಟರು ಅಂತ ಓದಿದ್ದೇನೆ. ಎಲ್ಲರೂ ಹೀಗೆ ಮನಸಾರೆ ಕೊಟ್ಟರಾ? ಅಥವಾ ಕಿತ್ತುಕೊಂಡದ್ದೂ ಇದೆಯಾ? ಮಕ್ಕಳು ಕೇಳಿದರೆ ನಾನು ಸುಮ್ನೆ ಚಂದದ ಕಥೆ ಹೇಳಿ ಕೈ ತೊಳೆದುಕೊಳ್ಳಲಾರೆ.

ಹಳೇಪುಟ

ಮೇಡಂ, ಎರಡೂ ಇದೆ. ಒಡವೆ ಕೊಟ್ಟದ್ದು ನಿಜ, ಹೆಂಗಸರು ಕೂತು ಬಟ್ಟೆ ಹೊಲಿದದ್ದೂ ನಿಜ. ಆದರೆ ಒಡವೆಯಿಂದ ಸೈನ್ಯ ನಡೆಯುವುದಿಲ್ಲ. ಮುಖ್ಯ ಆದಾಯ ತೆರಿಗೆ ಮತ್ತು ವಸೂಲಿ. ಶ್ರೀಮಂತರ ಆಸ್ತಿ ಲೆಕ್ಕ ಹಾಕಿ ವಿಶೇಷ ಕಂದಾಯ ಹಾಕಿದರು. ಪ್ರಾಂತ್ಯದಿಂದ ಹೊರಗೆ ಹೋಗುವ ವೈನ್, ಬ್ರಾಂದಿ ಪೀಪಾಯಿಗಳ ಮೇಲೆ ಸುಂಕ. ಸ್ಪೇನಿನ ಪಕ್ಷದವರಿಂದ ಬಲವಂತದ ಸಾಲ, ಓಡಿಹೋದವರ ಆಸ್ತಿ ಮುಟ್ಟುಗೋಲು. ಗಾಡಿ, ಹೇಸರಗತ್ತೆ ಬೇಕೆಂದಾಗ ತಂದು ನಿಲ್ಲಿಸಬೇಕು. ಸಾನ್ ಮಾರ್ತಿನ್ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡಿದ್ದರಿಂದ ಜನರ ಎದುರು ನಿಂತು ಕೇಳುವ ಮುಖ ಅವರಿಗಿತ್ತು. ಹಾಗೆಂದು ಅದು ದಾನ ಆಗುವುದಿಲ್ಲ. ಆಡಳಿತ ಬಿಗಿಯಾಗಿತ್ತು.

ಅದೇ ಆಡಳಿತ ಸಿಡುಬಿನ ಲಸಿಕೆ ಹಾಕಿಸಿತು, ಕಾಲುವೆ ತೋಡಿಸಿತು. ಇದನ್ನೂ ಮಕ್ಕಳಿಗೆ ಹೇಳಿ.

ಮಲೆನಾಡಿಗರೇ, ನಿಮ್ಮ ಮಾತಿಗೆ ನನ್ನದು ಒಂದೇ ಉತ್ತರ. ಕೊಂದಾರ್ಕೊ ಕೈಯಲ್ಲಿದ್ದ ಆ ಘೋಷಣೆ ಎಲ್ಲಿಂದ ಬಂತು? 1816ರ ಜುಲೈ 9ರಂದು ತುಕುಮಾನ್‌ನಲ್ಲಿ ಕೂತ ಪ್ರತಿನಿಧಿಗಳಿಂದ. ಅವರು ತಡ ಮಾಡುತ್ತಿದ್ದಾಗ ಸಾನ್ ಮಾರ್ತಿನ್ ಮೆಂದೋಸಾದ ಪ್ರತಿನಿಧಿ ತೊಮಾಸ್ ಗೊದೊಯ್ ಕ್ರೂಸ್‌ಗೆ ಪತ್ರದ ಮೇಲೆ ಪತ್ರ ಬರೆದರು. ನಾಣ್ಯ ಅಚ್ಚು ಹಾಕುತ್ತೀರಿ, ಬಾವುಟ ಹಾರಿಸುತ್ತೀರಿ, ದೊರೆ ಅಂತ ಒಪ್ಪಿಕೊಂಡವನ ಮೇಲೇ ಯುದ್ಧ ಮಾಡುತ್ತೀರಿ, ಸ್ವಾತಂತ್ರ್ಯ ಘೋಷಿಸಲು ಮಾತ್ರ ಯಾಕೆ ಹಿಂಜರಿಕೆ ಅಂತ. ಘೋಷಣೆ ಆಗದಿದ್ದರೆ ಅವರ ಸೈನ್ಯ ಲೋಕದ ಕಣ್ಣಿಗೆ ಬಂಡುಕೋರರ ಗುಂಪು. ಸೇನಾಪತಿಗೇ ಅದು ಗೊತ್ತಿತ್ತು.

ಕರಾವಳಿ ಹುಡುಗಿ

ಟೀಚರಮ್ಮನವರ ಪ್ರಶ್ನೆಗೆ ಇನ್ನೊಂದು ಉತ್ತರ ಬಾಕಿ ಇದೆ. ಕೂಯೊದಲ್ಲಿ ವಸೂಲಿ ಮಾಡಿದ್ದರಲ್ಲಿ ಮನುಷ್ಯರೂ ಇದ್ದರು. ಒಡೆಯರಿಂದ ಗುಲಾಮರನ್ನು ಪಡೆದು, ಬಿಡುಗಡೆ ಕೊಡುತ್ತೇವೆ ಅಂತ ಹೇಳಿ ಸೈನ್ಯಕ್ಕೆ ಸೇರಿಸಿದರು. ಕಾಲಾಳು ಪಡೆಯ 7 ಮತ್ತು 8ನೇ ಬೆಟಾಲಿಯನ್‌ಗಳಲ್ಲಿ ಬಹುಪಾಲು ಆಫ್ರಿಕಾ ಮೂಲದವರು. ಚಕಾಬುಕೊ, ಮರುವರ್ಷದ ಮೈಪು ಯುದ್ಧ ಎರಡರಲ್ಲೂ ಮುಂದೆ ನಿಂತು ಸತ್ತವರಲ್ಲಿ ಇವರು ಬಹಳ. ಬದುಕಿದವರು ಮುಂದೆ ಪೆರುವಿಗೂ ಹೋದರು. ಹೆಚ್ಚಿನವರು ಮೆಂದೋಸಾಕ್ಕೆ ಮರಳಲಿಲ್ಲ. ನನ್ನ ಪ್ರಕಾರ ಈ ಯುದ್ಧಕ್ಕೆ ಅತಿ ಹೆಚ್ಚು ಕೊಟ್ಟವರು ಇವರು. ಪುಯ್ರೆದೊನ್ ಸಾಲಕ್ಕೆ ಹೆದರಿದರು. ಇವರು ಜೀವವನ್ನೇ ಕೊಟ್ಟರು.

1813ರ ಫೆಬ್ರವರಿ 3ರ ಸಾನ್ ಲೊರೆನ್ಸೊ ಕಾಳಗದಲ್ಲಿ ಕುದುರೆ ಬಿದ್ದು ಸಾನ್ ಮಾರ್ತಿನ್ ಕಾಲು ಅದರಡಿ ಸಿಕ್ಕಿಕೊಂಡಾಗ ಎಳೆದು ಉಳಿಸಿ ತಾನು ಸತ್ತ ಹುವಾನ್ ಬೌತಿಸ್ತಾ ಕಬ್ರಾಲ್ ಕೂಡ ಗ್ವಾರಾನಿ ಮತ್ತು ಆಫ್ರಿಕನ್ ಬೆರೆತ ಮನೆಯವನು. ಅವನಿಲ್ಲದಿದ್ದರೆ ಈ ಚರ್ಚೆಯೇ ಇಲ್ಲ.

ಸಾಂಟಿಯಾಗೋ ಕನ್ನಡಿಗ

ಕೆಲಸದ ನಿಮಿತ್ತ ಚಿಲಿಯಲ್ಲಿದ್ದೇನೆ. ಇಲ್ಲಿನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಸಾಂಟಿಯಾಗೋ ನಡುವಿನ ದೊಡ್ಡ ರಸ್ತೆಗೆ ಎಲ್ಲರೂ ಅಲಮೇದಾ ಅನ್ನುತ್ತಾರೆ. ಅದರ ಸರ್ಕಾರಿ ಹೆಸರು ವಿಮೋಚಕ ಬರ್ನಾರ್ಡೊ ಓಹಿಗಿನ್ಸ್ ರಸ್ತೆ. ಆದರೆ ಇಲ್ಲಿ ಓಹಿಗಿನ್ಸ್ ಪರ ಎಷ್ಟು ಜನರೋ, ಅವರ ಎದುರಾಳಿಯಾಗಿದ್ದ ಇನ್ನೊಬ್ಬ ಹೋರಾಟಗಾರ ಹೊಸೆ ಮಿಗೆಲ್ ಕರೇರಾ ಪರವೂ ಅಷ್ಟೇ ಬಿಸಿಯಾಗಿ ಮಾತಾಡುವವರು ಸಿಗುತ್ತಾರೆ. ಆಫೀಸಿನ ಊಟದ ಮೇಜಿನಲ್ಲಿ ಈ ವಿಷಯ ಎತ್ತಿದರೆ ಕಾಫಿ ಆರಿಹೋಗುತ್ತದೆ.

ಓಹಿಗಿನ್ಸ್ ತಂದೆ ಐರ್ಲೆಂಡಿನಲ್ಲಿ ಹುಟ್ಟಿ, ಸ್ಪೇನಿನ ಸೇವೆಯಲ್ಲಿ ಮೇಲೇರಿ ಪೆರುವಿನ ವೈಸ್‌ರಾಯ್ ಆದವರು. ಮದುವೆಯಾಗದ ಸಂಬಂಧದಲ್ಲಿ ಹುಟ್ಟಿದ ಮಗ ಇವರು. ಇಂಗ್ಲೆಂಡಿನಲ್ಲಿ ಓದಿದರು, ಅಲ್ಲೇ ಫ್ರಾನ್ಸಿಸ್ಕೊ ದೆ ಮಿರಾಂದಾ ಅವರಿಂದ ಸ್ವಾತಂತ್ರ್ಯದ ಹುಚ್ಚು ಹಿಡಿಯಿತು. ಕರೇರಾ ಹಾಗಲ್ಲ. ಸಾಂಟಿಯಾಗೋದ ದೊಡ್ಡ ಮನೆತನ. 1811ರಲ್ಲಿ ಸೈನ್ಯ ಹಿಡಿದು ಅಧಿಕಾರ ತೆಗೆದುಕೊಂಡರು. ಚಿಲಿಯ ಮೊದಲ ಪತ್ರಿಕೆ, ಮೊದಲ ಬಾವುಟ ಬಂದದ್ದು ಅವರ ಕಾಲದಲ್ಲಿ. ರಾಜಕಾರಣಿಯಾಗಿ ಕರೇರಾ ಕಡಿಮೆಯವರಲ್ಲ.

ರಂಕಾಗ್ವಾದಲ್ಲಿ ಓಹಿಗಿನ್ಸ್ ಊರೊಳಗೆ ಸಿಕ್ಕಿಬಿದ್ದು ಕಾದಾಡುತ್ತಿದ್ದಾಗ ಕರೇರಾ ಕಡೆಯ ಸಹಾಯ ಮುಟ್ಟಲಿಲ್ಲ. ಅಲ್ಲಿಂದ ಇಬ್ಬರ ನಡುವಿನ ಬಿರುಕು ಮತ್ತೆ ಕೂಡಲಿಲ್ಲ. ಮೆಂದೋಸಾಕ್ಕೆ ಇಬ್ಬರೂ ನಿರಾಶ್ರಿತರಾಗಿ ಬಂದರು. ಸಾನ್ ಮಾರ್ತಿನ್ ಆರಿಸಿಕೊಂಡದ್ದು ಓಹಿಗಿನ್ಸ್‌ರನ್ನು. ಚಕಾಬುಕೊ ಗೆದ್ದ ಮೇಲೆ ಸಾಂಟಿಯಾಗೋದ ಪ್ರಮುಖರು ಚಿಲಿಯ ಅಧಿಕಾರವನ್ನು ಸಾನ್ ಮಾರ್ತಿನ್‌ಗೇ ಕೊಡಲು ಬಂದರು. ಅವರು ಬೇಡ ಅಂದರು. ಓಹಿಗಿನ್ಸ್ ಸುಪ್ರೀಂ ಡೈರೆಕ್ಟರ್ ಆದರು. ನಗರದವರು ಕೊಟ್ಟ 10,000 ಪೆಸೊವನ್ನು ಸಾನ್ ಮಾರ್ತಿನ್ ಗ್ರಂಥಾಲಯಕ್ಕೆ ಅಂತ ಬಿಟ್ಟುಕೊಟ್ಟರು.

ಆಮೇಲಿನ ಕಥೆ ಕಹಿ. 1818ರ ಏಪ್ರಿಲ್ 5ರಂದು ಮೈಪುವಿನಲ್ಲಿ ದೊಡ್ಡ ಗೆಲುವು. ಗಾಯಗೊಂಡ ಓಹಿಗಿನ್ಸ್ ಕುದುರೆ ಏರಿ ಬಂದು ಸಾನ್ ಮಾರ್ತಿನ್‌ರನ್ನು ತಬ್ಬಿಕೊಂಡ ಚಿತ್ರ ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಮೂರೇ ದಿನಕ್ಕೆ, ಏಪ್ರಿಲ್ 8ರಂದು, ಮೆಂದೋಸಾದಲ್ಲಿ ಕರೇರಾ ಅವರ ಇಬ್ಬರು ಸೋದರರು ಹುವಾನ್ ಹೊಸೆ, ಲೂಯಿಸ್ ಅವರನ್ನು ಗುಂಡಿಟ್ಟು ಕೊಂದರು. ಮೇ 26ರಂದು ಮ್ಯಾನುಯೆಲ್ ರೊದ್ರಿಗೆಸ್ ಸತ್ತರು. ಸಾನ್ ಮಾರ್ತಿನ್ ದಾಟುವ ಮೊದಲು ಚಿಲಿಯೊಳಗೆ ಗೆರಿಲ್ಲಾ ಯುದ್ಧ ನಡೆಸಿ ಸ್ಪೇನಿನವರ ನಿದ್ದೆ ಕೆಡಿಸಿದ್ದವರು ಅವರೇ. ತಿಲ್ ತಿಲ್ ಹತ್ತಿರ, ತಮ್ಮದೇ ದೇಶದ ಕಾವಲಿನವರ ಕೈಯಲ್ಲಿ ಸತ್ತರು. 1821ರ ಸೆಪ್ಟೆಂಬರ್ 4ರಂದು ಹೊಸೆ ಮಿಗೆಲ್ ಕರೇರಾ ಅವರನ್ನೂ ಮೆಂದೋಸಾದಲ್ಲೇ ಕೊಂದರು. ಹಳೇಪುಟ ಅವರೇ, ನೀವು ರಾಜಕಾರಣಿಗಳನ್ನು ಹೊಗಳುವಾಗ ಈ ಸಾವುಗಳ ಲೆಕ್ಕವನ್ನೂ ಅವರ ಮುಂದೆ ಇಡಬೇಕು.

ಹಳೇಪುಟ

ಇಡಲೇಬೇಕು. ಓಹಿಗಿನ್ಸ್, ಸಾನ್ ಮಾರ್ತಿನ್, ಪುಯ್ರೆದೊನ್ ಮೂವರೂ ಲೌತಾರೊ ಎಂಬ ಗುಪ್ತ ಕೂಟದವರು. ಮೂರು ಊರಿನ ತೀರ್ಮಾನ ಒಂದೇ ದಾರಿಯಲ್ಲಿ ಹೋಗಲು ಅದು ನೆರವಾಯಿತು. ಆದರೆ ಮುಚ್ಚಿದ ಬಾಗಿಲ ಹಿಂದೆ ಆದ ತೀರ್ಮಾನಕ್ಕೆ ಜನರ ಮುಂದೆ ಉತ್ತರ ಕೊಡುವವರೇ ಇರಲಿಲ್ಲ. ರೊದ್ರಿಗೆಸ್ ಸಾವಿಗೆ ಈ ಕೂಟವೇ ಕಾರಣ ಅಂತ ಚಿಲಿಯವರು ಆಗಲೇ ಅನುಮಾನಿಸಿದ್ದು ಅದಕ್ಕೇ.

ಮಲೆನಾಡಿಗ

ಕರಾವಳಿ ಹುಡುಗಿ ಅವರ ಮಾತಿಗೆ ನಾನೂ ದನಿಗೂಡಿಸುತ್ತೇನೆ. ಇದರ ಜೊತೆ ಇನ್ನೊಂದು ಹೆಸರು ಸೇರಿಸಬೇಕು, ಸಾಲ್ತಾದ ಮಾರ್ತಿನ್ ಮಿಗೆಲ್ ದೆ ಗ್ವೆಮೆಸ್. ಸಾನ್ ಮಾರ್ತಿನ್ ಪಶ್ಚಿಮಕ್ಕೆ ಹೋದಾಗ ಉತ್ತರದ ಬಾಗಿಲು ಕಾದದ್ದು ಗ್ವೆಮೆಸ್ ಮತ್ತು ಅವರ ಗೌಚೊ ಸವಾರರು. ಅವರು ಗವರ್ನರೂ ಹೌದು, ಪಡೆಯ ನಾಯಕರೂ ಹೌದು. ಹೊಲದಲ್ಲಿ ದುಡಿಯುವ ಗೌಚೊಗಳಿಗೆ ಗೇಣಿ ಮಾಫಿ ಮಾಡಿದ್ದಕ್ಕೆ ಸಾಲ್ತಾದ ಜಮೀನ್ದಾರರು ಅವರ ಮೇಲೆ ಹಲ್ಲು ಮಸೆದರು. 1821ರ ಜೂನ್ 17ರಂದು ಗುಂಡೇಟಿನ ಗಾಯದಿಂದ ಸತ್ತರು.

ಸಾಂಟಿಯಾಗೋ ಕನ್ನಡಿಗ

ಹಡಗಿನ ವಿಚಾರ ಯಾರೂ ಎತ್ತಿಲ್ಲ. ದುಡ್ಡಿನ ಪ್ರಶ್ನೆ ನಿಜವಾಗಿ ಕುತ್ತಿಗೆಗೆ ಬಂದದ್ದು ಅಲ್ಲಿ. ಲಿಮಾಕ್ಕೆ ಹೋಗಲು ಸಮುದ್ರ ಬೇಕು, ಚಿಲಿಗೆ ಹೇಳಿಕೊಳ್ಳುವಂಥ ನೌಕಾಪಡೆ ಇರಲಿಲ್ಲ. ಓಹಿಗಿನ್ಸ್ ಸರ್ಕಾರ ಹಡಗು ಕೊಂಡಿತು, ಶತ್ರುವಿನದನ್ನು ಹಿಡಿಯಿತು. ಬ್ರಿಟನ್ನಿನಿಂದ ಲಾರ್ಡ್ ಕೊಕ್ರೇನ್ ಬಂದು 1818ರ ಕೊನೆಗೆ ಅದರ ಚುಕ್ಕಾಣಿ ಹಿಡಿದರು. 1820ರ ಆಗಸ್ಟ್ 20ರಂದು ವಾಲ್ಪರೈಸೊದಿಂದ ಸುಮಾರು 4,500 ಸೈನಿಕರು ಹೊರಟಾಗ ಮೇಲೆ ಹಾರಿದ್ದು ಚಿಲಿಯ ಬಾವುಟ. ಖರ್ಚಿನ ಭಾರ ಬಿದ್ದದ್ದು ಚಿಲಿಯ ಮೇಲೆ.

ಯಾಕೆಂದರೆ ಆ ಹೊತ್ತಿಗೆ ಬ್ಯೂನಸ್ ಐರಿಸ್‌ನಲ್ಲಿ ಸರ್ಕಾರವೇ ಇರಲಿಲ್ಲ. ಪುಯ್ರೆದೊನ್ 1819ರಲ್ಲೇ ರಾಜೀನಾಮೆ ಕೊಟ್ಟಿದ್ದರು. 1820ರ ಫೆಬ್ರವರಿ 1ರಂದು ಸೆಪೆದಾ ಯುದ್ಧದಲ್ಲಿ ಪ್ರಾಂತ್ಯಗಳ ನಾಯಕರು ಕೇಂದ್ರವನ್ನು ಸೋಲಿಸಿದರು. ಅದಕ್ಕೂ ಮುಂಚೆ, ಸೈನ್ಯ ತಂದು ಈ ಒಳಜಗಳ ಅಡಗಿಸಿ ಅಂತ ಸಾನ್ ಮಾರ್ತಿನ್‌ಗೆ ಆದೇಶ ಬಂದಿತ್ತು. ಅವರು ಹೋಗಲಿಲ್ಲ. ಏಪ್ರಿಲ್ 2ರಂದು ರಂಕಾಗ್ವಾದಲ್ಲಿ ಅವರ ಅಧಿಕಾರಿಗಳು ಸೇರಿ, ನಿಮ್ಮನ್ನು ನೇಮಿಸಿದ ಸರ್ಕಾರ ಇಲ್ಲದಿದ್ದರೂ ನೀವೇ ನಮ್ಮ ನಾಯಕರು ಅಂತ ಬರೆದುಕೊಟ್ಟರು. ಕಾನೂನಿನ ಲೆಕ್ಕದಲ್ಲಿ ಅದು ಅವಿಧೇಯತೆ. ನಾನು ಅವರ ಜಾಗದಲ್ಲಿದ್ದರೂ ಸ್ವಂತ ಜನರ ಮೇಲೆ ಆ ಸೈನ್ಯ ಹಾಯಿಸುತ್ತಿರಲಿಲ್ಲ.

ಟೀಚರಮ್ಮ

ಹಾಗಾದರೆ ಈಗಿನ ಈಕ್ವೆಡಾರ್ ದೇಶದ ಗ್ವಾಯಾಕಿಲ್‌ನಲ್ಲಿ ಬೊಲಿವಾರ್ ಭೇಟಿಯಾದ ಮೇಲೆ ಸಾನ್ ಮಾರ್ತಿನ್ ಎಲ್ಲ ಬಿಟ್ಟು ಹೋದದ್ದಕ್ಕೂ ಇದೇ ಕಾರಣವೇ? ಬೆನ್ನ ಹಿಂದೆ ಸರ್ಕಾರ ಇಲ್ಲದಿದ್ದದ್ದು?

ಹಳೇಪುಟ

ನನಗೆ ಹಾಗೇ ಕಾಣುತ್ತದೆ ಮೇಡಂ. 1822ರ ಜುಲೈ 26, 27ರಂದು ಇಬ್ಬರೇ ಕೂತು ಮಾತಾಡಿದರು, ಮೂರನೆಯವರು ಒಳಗಿರಲಿಲ್ಲ. ಏನು ಮಾತಾಡಿದರು ಅನ್ನುವುದಕ್ಕೆ ಎರಡೂ ಕಡೆಯವರು ಎರಡು ಥರ ಹೇಳಿದರು. ಆದರೆ ಆ ದಿನ ಯಾರ ಕೈಯಲ್ಲಿ ಏನಿತ್ತು ನೋಡಿ. ಬೊಲಿವಾರ್ ಹಿಂದೆ ಕೊಲಂಬಿಯಾ ಎಂಬ ಒಂದು ರಾಜ್ಯ ಇತ್ತು. ಬೊಗೊಟಾದಲ್ಲಿ ಉಪಾಧ್ಯಕ್ಷ ಸಾಂತಾಂದೇರ್ ಕೂತು ದುಡ್ಡು, ಜನ ಕಳಿಸುತ್ತಿದ್ದರು. ಸಾನ್ ಮಾರ್ತಿನ್ ಬರುವ ಮುಂಚೆಯೇ ಬೊಲಿವಾರ್ ಗ್ವಾಯಾಕಿಲ್ ಊರನ್ನು ಕೈವಶ ಮಾಡಿಕೊಂಡಿದ್ದರು. ಆಗ ಪೆರುವಿನ ಆಡಳಿತ ಹಿಡಿದಿದ್ದ ಸಾನ್ ಮಾರ್ತಿನ್ ಹಿಂದೆ? ಬ್ಯೂನಸ್ ಐರಿಸ್ ಕೈಬಿಟ್ಟಿತ್ತು. ಕೊಕ್ರೇನ್ ನಾವಿಕರ ಸಂಬಳಕ್ಕಾಗಿ ಜಗಳವಾಡಿ, ಪೆರು ಸರ್ಕಾರದ ಬೆಳ್ಳಿಯನ್ನೇ ಎತ್ತಿಕೊಂಡು ಹೋಗಿದ್ದರು. ಲಿಮಾದಲ್ಲಿ ಅವರ ಮಂತ್ರಿ ಮೊಂತೆಯಾಗುದೊ ಅವರನ್ನು ಅದೇ ವಾರ ಕೆಳಗಿಳಿಸಿದ್ದರು. ಸೆಪ್ಟೆಂಬರ್ 20ರಂದು ಪೆರುವಿನ ಅಧಿವೇಶನದ ಮುಂದೆ ಅಧಿಕಾರ ಬಿಟ್ಟುಕೊಟ್ಟು ಹೊರಟರು.

ಅವರು ಹೋದ ಮೇಲೆ ಆ ಸೈನ್ಯಕ್ಕೆ ಏನಾಯಿತು ಅನ್ನುವುದು ನನ್ನ ವಾದಕ್ಕೆ ದೊಡ್ಡ ಸಾಕ್ಷಿ. 1824ರ ಫೆಬ್ರವರಿ 5ರಂದು ಲಿಮಾದ ಬಂದರು ಕಲ್ಯಾವೊದ ಕೋಟೆಯಲ್ಲಿ ಆಂಡಿಸ್ ಸೈನ್ಯದ ಉಳಿದ ತುಕಡಿಗಳು ದಂಗೆ ಎದ್ದವು. ಸಂಬಳ ಬಂದಿರಲಿಲ್ಲ. ಕೇಳುವವರೂ ಇರಲಿಲ್ಲ. ಕೊನೆಗೆ ಕೋಟೆ ಸ್ಪೇನಿನವರ ಕೈ ಸೇರಿತು. ಚಕಾಬುಕೊ, ಮೈಪು ಕಂಡ ಸೈನ್ಯದ ಬಾಕಿ ಇವರು. ಧೈರ್ಯ ಕಡಿಮೆಯಾಗಿರಲಿಲ್ಲ. 1816ರಲ್ಲಿ ಎರಡು ಕಹಳೆ ಹುಡುಕಿ ಕಳಿಸಿದಂಥ ಒಬ್ಬ ಮನುಷ್ಯ ಅವರ ಹಿಂದೆ ಉಳಿದಿರಲಿಲ್ಲ, ಅಷ್ಟೇ.

ಮಲೆನಾಡಿಗ

ಕಲ್ಯಾವೊ ವಿಚಾರಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ. ಬೊಲಿವಾರ್ ಅದೇ ವರ್ಷ ಪೆರುವಿನ ಉತ್ತರದಲ್ಲಿ ಹೊಸದಾಗಿ ಸೈನ್ಯ ಕಟ್ಟಿ ಹುನಿನ್ ಯುದ್ಧ ಗೆದ್ದರು, ಡಿಸೆಂಬರ್ 9ರಂದು ಅವರ ಸೇನಾನಿ ಸುಕ್ರೆ ಅಯಾಕುಚೊ ಯುದ್ಧ ಗೆದ್ದರು. ಅಲ್ಲಿಯೂ ತಿಂಗಳುಗಟ್ಟಲೆ ಬಟ್ಟೆ, ಲಾಳ, ಬೆಳ್ಳಿ ಕೂಡಿಸುವ ಕೆಲಸವೇ ಮೊದಲು ನಡೆದದ್ದು.

ಸಾಂಟಿಯಾಗೋ ಕನ್ನಡಿಗ

ಓಹಿಗಿನ್ಸ್ ಏನಾದರು ಅಂತಲೂ ಹೇಳಿಬಿಡುತ್ತೇನೆ. ಪೆರು ದಂಡಯಾತ್ರೆಗೆ ಹಾಕಿದ ತೆರಿಗೆಯಿಂದ ಜನ ಬಸವಳಿದಿದ್ದರು. ಬಿರುದುಗಳನ್ನು ತೆಗೆದದ್ದಕ್ಕೆ ಶ್ರೀಮಂತರು ಮುನಿದಿದ್ದರು. ಕರೇರಾ, ರೊದ್ರಿಗೆಸ್ ಸಾವನ್ನು ಯಾರೂ ಮರೆತಿರಲಿಲ್ಲ. 1822ರ ಹೊಸ ಸಂವಿಧಾನ ಅವರ ಅವಧಿ ಉದ್ದ ಮಾಡುವಂತಿತ್ತು. ದಕ್ಷಿಣದ ಕೊನ್ಸೆಪ್ಸಿಯೊನ್‌ನಿಂದ ರಾಮೊನ್ ಫ್ರೈರೆ ಎದ್ದರು. ಆಂಡಿಸ್ ದಾಟುವಾಗ ದಕ್ಷಿಣದ ತುಕಡಿ ನಡೆಸಿದ್ದವರು ಇದೇ ಫ್ರೈರೆ. 1823ರ ಜನವರಿ 28ರಂದು ಸಾಂಟಿಯಾಗೋದ ಪ್ರಮುಖರ ಸಭೆಯಲ್ಲಿ ಓಹಿಗಿನ್ಸ್ ಅಧಿಕಾರ ಬಿಟ್ಟರು. ರಕ್ತ ಹರಿಸದೆ ಇಳಿದದ್ದು ಅವರ ದೊಡ್ಡತನ. ಪೆರುವಿಗೆ ಹೋದವರು ಚಿಲಿಗೆ ಮರಳಲೇ ಇಲ್ಲ. 1842ರ ಅಕ್ಟೋಬರ್‌ನಲ್ಲಿ ಲಿಮಾದಲ್ಲಿ ತೀರಿಕೊಂಡರು.

ಕರಾವಳಿ ಹುಡುಗಿ

ಇಷ್ಟು ಹೊತ್ತು ಹೆಚ್ಚುಕಡಿಮೆ ಗಂಡಸರ ಹೆಸರೇ ಬಂತು. ಬೊಲಿವಿಯಾ ಕಡೆಯ ಹುವಾನಾ ಅಸುರ್ದುಯ್ ಬಗ್ಗೆ ಬೇರೆ ಚರ್ಚೆ ಬೇಕು. ಗಂಡ ಮ್ಯಾನುಯೆಲ್ ಪದಿಯಾ ಜೊತೆ ಗೆರಿಲ್ಲಾ ಪಡೆ ನಡೆಸಿದರು. 1816ರಲ್ಲಿ ಅವರನ್ನು ಕಳೆದುಕೊಂಡ ಮೇಲೂ ಹೋರಾಟ ಬಿಡಲಿಲ್ಲ. ಬೆಲ್ಗ್ರಾನೊ ಶಿಫಾರಸಿನ ಮೇಲೆ ಲೆಫ್ಟಿನೆಂಟ್ ಕರ್ನಲ್ ಪದವಿ ಸಿಕ್ಕಿತು. 1862ರಲ್ಲಿ ಬಡತನದಲ್ಲೇ ಸತ್ತರು. ಟೀಚರಮ್ಮ, ನಿಮ್ಮ ತರಗತಿಯ ಹೆಣ್ಣುಮಕ್ಕಳಿಗೆ ಇವರ ಕಥೆ ಮೊದಲು ಹೇಳಿ.

ಟೀಚರಮ್ಮ

ಖಂಡಿತ ಹೇಳುತ್ತೇನೆ. ನೀವೇ ಆ ಚರ್ಚೆ ಶುರು ಮಾಡಿ. ಪದಿಯಾ ಜೊತೆಗಿದ್ದ ಕಾಲದಿಂದಲೇ ಬರೆಯಿರಿ. ಊರುಗಳ ಹೆಸರು ಹಾಕಿ, ನಾನು ನಕ್ಷೆ ಹಿಡಿದು ಕೂತಿರುತ್ತೇನೆ.